ಒಬ್ಬರೇ ಇರುವವರಿಗೆ ಎಂಥ ವಾಷಿಂಗ್ ಮಷಿನ್? ಮೊದಲು ನಲ್ಲಿ ನೋಡಿ

ಪ್ರಶ್ನೆ: ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಎರಡನೇ ಮಹಡಿ, ಅದೇ ಕೊನೆಯ ಮಹಡಿ, ಲಿಫ್ಟ್ ಇಲ್ಲ. ಇಷ್ಟು ದಿನ ಬಟ್ಟೆ ಕೈಯಲ್ಲೇ ಒಗೆಯುತ್ತಿದ್ದೆ. ಮಣಿಕಟ್ಟು ನೋವು ಶುರುವಾದ ಮೇಲೆ ಮಷಿನ್ ತಗೊಳ್ಳೋಣ ಅನ್ನಿಸಿದೆ. ಬಜೆಟ್ ಕಡಿಮೆ. ಅಂಗಡಿಯವರು ಮುಂದೆ ಬಾಗಿಲಿರುವ 8 ಕೆ.ಜಿ. ಫ್ರಂಟ್ ಲೋಡ್ ತೋರಿಸಿ, 'ಮುಂದೆ ಸಂಸಾರ ಆದರೂ ಇದೇ ಸಾಕಾಗುತ್ತೆ' ಅಂತಾರೆ. ಗೆಳತಿ 'ಸೆಮಿ ಆಟೋಮ್ಯಾಟಿಕ್ ತಗೊಂಡು ಸುಮ್ಮನಿರು' ಅಂತಾಳೆ, ಅದರಲ್ಲಿ ಒಗೆಯಲು ಒಂದು, ಹಿಂಡಲು ಒಂದು ಡ್ರಮ್ ಇರುತ್ತಂತೆ. ವಾರಕ್ಕೆ ಎರಡು ಸಲ ಒಗೆದರೆ ನನಗೆ ಸಾಕು. ಯಾವುದು ತಗೊಳ್ಳಲಿ?

ಉತ್ತರ: ಅಂಗಡಿಯವರ ಮಾತಿನಿಂದಲೇ ಶುರು ಮಾಡೋಣ. ಇನ್ನೂ ಬಾರದ ಸಂಸಾರದ ಬಟ್ಟೆ ಒಗೆಯುವುದಕ್ಕೆ ಇವತ್ತೇ ದುಡ್ಡು ಹಾಕಬೇಡಿ.

ನಾನು ಮಷಿನ್ ಬಿಚ್ಚಿ ರಿಪೇರಿ ಮಾಡುವ ಕೆಲಸದವನು. ಒಬ್ಬರೇ ಇರುವವರ ಮನೆಯಿಂದ ಫೋನ್ ಬಂದಾಗ ಮಷಿನ್ ಸವೆದು ಕೆಟ್ಟಿರುವುದು ಅಪರೂಪ, ಅದು ಆ ಮನೆಗೆ ಹೊಂದದೆ ಇರುವುದೇ ಹೆಚ್ಚು. ನಲ್ಲಿಯಲ್ಲಿ ನೀರಿನ ರಭಸ ಸಾಲದು, ಕೊಳೆನೀರು ಹೋಗಲು ದಾರಿ ಇಲ್ಲ, ಗೋಡೆ ಅಡ್ಡ ಬಂದು ಬಾಗಿಲು ಪೂರ್ತಿ ತೆರೆಯುವುದಿಲ್ಲ. ಆದ್ದರಿಂದ ಮಾಡೆಲ್ ಮಾತು ಆಮೇಲೆ. ಮೊದಲು ಒಂದು ಬಕೆಟ್ಟು, ಒಂದು ಅಳತೆ ಟೇಪು ಹಿಡಿದುಕೊಂಡು ಬಚ್ಚಲಿಗೆ ಹೋಗಿ.

ಮಷಿನ್‌ಗೆ ಪೈಪು ಕೊಡಬೇಕಾದ ನಲ್ಲಿಯನ್ನು ಪೂರ್ತಿ ತಿರುಗಿಸಿ, ಕೆಳಗೆ 10 ಲೀಟರ್ ಬಕೆಟ್ ಇಟ್ಟು ಮೊಬೈಲಿನಲ್ಲಿ ಸಮಯ ನೋಡಿ. ಒಂದು ನಿಮಿಷದ ಆಸುಪಾಸಿನಲ್ಲಿ ತುಂಬಿದರೆ ಯಾವ ಮಷಿನ್ ಆದರೂ ನಡೆಯುತ್ತದೆ. ಎರಡು ನಿಮಿಷ ಹಿಡಿದರೆ ಸ್ವಲ್ಪ ಯೋಚನೆ ಮಾಡಿ. ಮೂರು, ನಾಲ್ಕು ನಿಮಿಷ ಆಯಿತೋ, ಫ್ರಂಟ್ ಲೋಡ್ ಕಡೆ ತಿರುಗಿಯೂ ನೋಡಬೇಡಿ. ಅದರ ಒಳಗೆ ನೀರು ಬಿಡುವ ವಾಲ್ವ್ ಸರಿಯಾಗಿ ಕೆಲಸ ಮಾಡಲು ಸಾಮಾನ್ಯವಾಗಿ ಕನಿಷ್ಠ 0.3ರಿಂದ 0.5 ಬಾರ್ ಒತ್ತಡ ಬೇಕು. 10 ಮೀಟರ್ ಎತ್ತರದಲ್ಲಿ ನಿಂತ ನೀರು ಕೊಡುವ ಒತ್ತಡ ಸುಮಾರು 1 ಬಾರ್. ಅಂದರೆ ಟ್ಯಾಂಕಿನ ನೀರು ನಿಮ್ಮ ನಲ್ಲಿಗಿಂತ ಮೂರರಿಂದ ಐದು ಮೀಟರ್ ಮೇಲಿರಬೇಕು. ನಿಮ್ಮದು ಕೊನೆಯ ಮಹಡಿ ಅಂತೀರಿ. ಟ್ಯಾಂಕ್ ತಲೆಯ ಮೇಲೇ ಇದೆ, ನೀರು ಜೋರಾಗಿ ಬರುತ್ತೆ ಅಂತ ಹಲವರು ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ. ಟ್ಯಾಂಕ್ ಹತ್ತಿರವಿದ್ದಷ್ಟೂ ಒತ್ತಡ ಕಡಿಮೆ, ಕೆಳಮನೆಯವರಿಗೇ ಜಾಸ್ತಿ.

ಒಮ್ಮೆ ಹೀಗೇ ಕೊನೆಯ ಮಹಡಿಯ ಒಂಟಿ ಹುಡುಗನ ಮನೆಗೆ ಹೋಗಿದ್ದೆ. ಹೊಸ ಫ್ರಂಟ್ ಲೋಡ್, ಪ್ರತಿ ಸಲ ಶುರುವಾಗಿ ಸ್ವಲ್ಪ ಹೊತ್ತಿಗೆ ನೀರಿನ ಎರರ್ ತೋರಿಸಿ ನಿಲ್ಲುತ್ತಿತ್ತು. ನನಗಿಂತ ಮೊದಲು ಬಂದವರು ವಾಲ್ವ್ ಬದಲಿಸಿದ್ದರು, ಪೈಪ್ ಬದಲಿಸಿದ್ದರು. ನಾನು ಬಕೆಟ್ ಇಟ್ಟೆ. ನಾಲ್ಕು ನಿಮಿಷ ಕಳೆದರೂ ಬಕೆಟ್ಟಿನ ಕತ್ತು ದಾಟಿರಲಿಲ್ಲ. ಗೊತ್ತಾದ ಸಮಯದೊಳಗೆ ನೀರು ಮಟ್ಟಕ್ಕೆ ಬರದಿದ್ದರೆ ಮಷಿನ್ ನೀರು ಬರುತ್ತಿಲ್ಲ ಎಂದುಕೊಂಡು ಕೈಚೆಲ್ಲುತ್ತದೆ. ಮಷಿನ್‌ನಲ್ಲಿ ಏನೂ ಕೆಟ್ಟಿರಲಿಲ್ಲ. ಕೊನೆಗೆ ಒಂದು ಸಣ್ಣ ಪ್ರೆಶರ್ ಪಂಪ್ ಹಾಕಿಸಬೇಕಾಯಿತು. ಅಗ್ಗದ ಆಫರಿನಲ್ಲಿ ಉಳಿಸಿದ್ದು ಅಲ್ಲಿಗೆ ಸರಿಹೋಯಿತು.

ಮೇಲಿನಿಂದ ಬಟ್ಟೆ ಹಾಕುವ ಟಾಪ್ ಲೋಡ್ ಈ ವಿಷಯದಲ್ಲಿ ಸೈರಣೆಯ ಪ್ರಾಣಿ. ನಲ್ಲಿ ನಿಧಾನವಾದರೆ ಮುಚ್ಚಳ ತೆಗೆದು ನಾಲ್ಕು ಬಕೆಟ್ ನೀರು ನೀವೇ ಸುರಿದರೂ, ಮಟ್ಟ ತಲುಪಿದ ಕೂಡಲೇ ಬಹುತೇಕ ಮಷಿನ್‌ಗಳು ಕೆಲಸ ಶುರು ಮಾಡುತ್ತವೆ. ಸೆಮಿ ಆಟೋಮ್ಯಾಟಿಕ್‌ಗಂತೂ ನಲ್ಲಿಯ ಹಂಗೇ ಇಲ್ಲ.

ಇನ್ನು ನೀರು ಹೊರಗೆ ಹೋಗುವ ದಾರಿ. ಫ್ರಂಟ್ ಲೋಡ್‌ನಲ್ಲಿ ಪಂಪ್ ಇರುವುದರಿಂದ ಅದು ನೀರನ್ನು ಮೇಲಕ್ಕೆ ತಳ್ಳುತ್ತದೆ. ಅದರ ಡ್ರೈನ್ ಪೈಪನ್ನು ಸಾಮಾನ್ಯವಾಗಿ ನೆಲದಿಂದ 60ರಿಂದ 100 ಸೆಂ.ಮೀ. ಎತ್ತರದಲ್ಲೇ ಸಿಕ್ಕಿಸಬೇಕು. ಕೆಳಗೆ ಬಿಟ್ಟರೆ ತುಂಬಿಸಿದ ನೀರು ತಾನಾಗಿಯೇ ಹರಿದುಹೋಗುತ್ತಿರುತ್ತದೆ. ಸೆಮಿ ಮತ್ತು ಅಗ್ಗದ ಟಾಪ್ ಲೋಡ್‌ಗಳಲ್ಲಿ ಪಂಪ್ ಇರುವುದಿಲ್ಲ, ನೀರು ಇಳಿಜಾರಿಗೆ ಹರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಂಥ ಮಷಿನ್ ಇಡುವ ಜಾಗದಲ್ಲಿ ನೆಲಮಟ್ಟದಲ್ಲೇ ನೀರಿಂಡಿ, ಅಂದರೆ ನೀರು ಹೊರಹೋಗುವ ತೂತು, ಇರಬೇಕು. ಬಾಲ್ಕನಿಯ ಹೊಸ್ತಿಲು ದಾಟಿಸಿ ಪೈಪ್ ಹಾಕುತ್ತೇನೆ ಅಂದರೆ ಡ್ರಮ್ಮಿನ ತಳದಲ್ಲಿ ಒಂದಷ್ಟು ಕೊಳೆನೀರು ಉಳಿದೇ ಉಳಿಯುತ್ತದೆ. ಈ ಮಾತು ಡಬ್ಬದ ಮೇಲೆ ಬರೆದಿರುವುದಿಲ್ಲ, 'ಇದರಲ್ಲಿ ಡ್ರೈನ್ ಪಂಪ್ ಇದೆಯಾ?' ಅಂತ ನೀವೇ ಬಾಯಿಬಿಟ್ಟು ಕೇಳಬೇಕು.

ಮೆಟ್ಟಿಲಿನ ಮಾತು ಈಗಲೇ ಆಡಿಬಿಡುತ್ತೇನೆ. ಫ್ರಂಟ್ ಲೋಡ್ ಒಂದರ ತೂಕ ಸುಮಾರು 55ರಿಂದ 70 ಕೆ.ಜಿ. ಜೋರಾಗಿ ತಿರುಗುವಾಗ ನಡೆದಾಡದೆ ನಿಲ್ಲಲಿ ಅಂತ ಒಳಗೆ ಕಾಂಕ್ರೀಟ್ ದಿಮ್ಮಿ ಕೂರಿಸಿರುತ್ತಾರೆ. ಟಾಪ್ ಲೋಡ್ 30 ಕೆ.ಜಿ.ಯ ಆಸುಪಾಸು, ಸೆಮಿ ಅದಕ್ಕಿಂತಲೂ ಹಗುರ. ಬಾಡಿಗೆ ಮನೆಯವರು ಎರಡು, ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುವುದು ಮಾಮೂಲು. ಲಿಫ್ಟ್ ಇಲ್ಲದ ಎರಡು ಮಹಡಿ ಎಂದರೆ ಈ ತೂಕವೂ ಬೆಲೆಯ ಒಂದು ಭಾಗ ಅಂತಲೇ ನಾನು ಲೆಕ್ಕ ಹಿಡಿಯುತ್ತೇನೆ. ಜಾಗದ ಅಳತೆ ತೆಗೆಯುವಾಗ ಬಚ್ಚಲ ಬಾಗಿಲಿನ ಅಗಲ ಅಳೆಯುವುದನ್ನು ಮರೆಯಬೇಡಿ. ಫ್ರಂಟ್ ಲೋಡ್ ಸಾಮಾನ್ಯವಾಗಿ 60 ಸೆಂ.ಮೀ. ಅಗಲ. ಟಾಪ್ ಲೋಡ್ ಅಷ್ಟು ಅಗಲವಿಲ್ಲ, ಆದರೆ ಮುಚ್ಚಳ ಮೇಲಕ್ಕೆ ತೆರೆದುಕೊಳ್ಳುವುದರಿಂದ ಮೇಲೆ ಶೆಲ್ಫ್ ಇದ್ದರೆ ತಗಲುತ್ತದೆ.

ಈಗ 8 ಕೆ.ಜಿ.ಯ ವಿಷಯ. ಆ ಅಂಕಿ ಒಣ ಬಟ್ಟೆಯ ತೂಕ. ನಿಮ್ಮ ಒಂದು ವಾರದ ಬಟ್ಟೆಯನ್ನು ನೀವೇ ತೂಗಿ: ಚೀಲದಲ್ಲಿ ತುಂಬಿ ಎತ್ತಿಕೊಂಡು ತೂಕದ ಮಷಿನ್ ಮೇಲೆ ನಿಲ್ಲಿ, ಆಮೇಲೆ ಚೀಲ ಇಟ್ಟು ನಿಲ್ಲಿ, ಕಳೆಯಿರಿ. ತೂಕದ ಮಷಿನ್ ಇಲ್ಲದಿದ್ದರೆ ಅಂದಾಜು ನಾನು ಹೇಳುತ್ತೇನೆ. ಜೀನ್ಸ್ ಒಂದಕ್ಕೆ 600ರಿಂದ 800 ಗ್ರಾಂ. ಹತ್ತಿಯ ಅಂಗಿ 200ರಿಂದ 250. ಟೀ ಶರ್ಟ್ 150ರಿಂದ 200. ಸ್ನಾನದ ಟವೆಲ್ ಅರ್ಧ ಕೆ.ಜಿ. ಎರಡು ಜೀನ್ಸ್, ಐದು ಅಂಗಿ, ಮೂರು ಟೀ ಶರ್ಟ್, ಎರಡು ಟವೆಲ್, ವಾರದ ಒಳಉಡುಪು ಎಲ್ಲ ಸೇರಿದರೂ 5 ಕೆ.ಜಿ. ಆಗುವುದು ಕಷ್ಟ. ಎರಡು ಸಲ ಒಗೆಯುತ್ತೀರಿ ಅಂದರೆ ಒಂದು ಸಲಕ್ಕೆ ಎರಡೂವರೆ ಕೆ.ಜಿ. ಅಷ್ಟೆ.

ಹಾಗಾದರೆ ಎಲ್ಲಕ್ಕಿಂತ ಚಿಕ್ಕದೇ ಸಾಕಲ್ಲ ಅಂತೀರಾ? ಇಲ್ಲ, ಬೆಡ್‌ಶೀಟ್ ಇದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ನಾನು ಹಾಸಿಗೆ ಇದ್ದಷ್ಟು ಡ್ರಮ್ ನೋಡಿ ಅಂತೀನಿ. ಬೆಡ್‌ಶೀಟ್, ದಿಂಬಿನ ಕವರ್ ತೂಕದಲ್ಲಿ ಹೆಚ್ಚಿಲ್ಲ, ಆದರೆ ನೀರಿನಲ್ಲಿ ಹೊರಳಾಡಲು ಜಾಗ ಕೇಳುತ್ತವೆ. ಜಾಗ ಸಿಗದಿದ್ದರೆ ಚೆಂಡಿನ ಹಾಗೆ ಸುತ್ತಿಕೊಂಡು, ನಡುವಿನ ಭಾಗಕ್ಕೆ ಸೋಪೇ ತಾಗದೆ ಹೊರಗೆ ಬರುತ್ತವೆ. 6 ಅಥವಾ 6.5 ಕೆ.ಜಿ. ಮಷಿನ್‌ನಲ್ಲಿ ಒಂದು ಡಬಲ್ ಬೆಡ್‌ಶೀಟ್, ಎರಡು ಕವರ್, ಜೊತೆಗೆ ಒಂದು ಟವೆಲ್ ಆರಾಮಾಗಿ ಒಗೆಯಬಹುದು. ದಪ್ಪ ರಜಾಯಿ ಈ ಅಳತೆಯ ಯಾವುದರಲ್ಲೂ ಸರಿಯಾಗಿ ಆಗುವುದಿಲ್ಲ, ವರ್ಷಕ್ಕೊಂದೆರಡು ಸಲ ಹೊರಗೆ ಕೊಡಿ. ಆ ಒಂದು ರಜಾಯಿಗೋಸ್ಕರ 8 ಕೆ.ಜಿ. ಮಷಿನ್ ತಗೊಂಡವರನ್ನು ನೋಡಿದ್ದೇನೆ.

ದೊಡ್ಡ ಡ್ರಮ್ಮಿನಲ್ಲಿ ಕಡಿಮೆ ಬಟ್ಟೆ ಹಾಕಿದರೆ ನಷ್ಟವೇನು? ನೀರು ಸ್ವಲ್ಪ ಪೋಲಾಗುತ್ತದೆ, ಅದಿರಲಿ. ಫ್ರಂಟ್ ಲೋಡ್‌ನಲ್ಲಿ ಬಟ್ಟೆಗಳು ಡ್ರಮ್ಮಿನ ಸುತ್ತ ಸಮವಾಗಿ ಹರಡಿಕೊಂಡರೆ ಮಾತ್ರ ಸ್ಪಿನ್, ಅಂದರೆ ಜೋರಾಗಿ ತಿರುಗಿಸಿ ಹಿಂಡುವುದು, ಶುರುವಾಗುವುದು. ಒಂದು ಜೀನ್ಸ್, ಒಂದು ಟವೆಲ್ ಹಾಕಿದಿರಿ ಅಂದುಕೊಳ್ಳಿ. ಎರಡೂ ಒಂದೇ ಕಡೆ ಬಿದ್ದು ತೂಕ ವಾಲುತ್ತದೆ. ಮಷಿನ್ ಹಿಂದೆ ಮುಂದೆ ಹೊರಳಿಸಿ ಬಿಡಿಸಲು ನೋಡುತ್ತದೆ, ಮತ್ತೆ ನೋಡುತ್ತದೆ, ಕಾಲು ಗಂಟೆ ಹೀಗೇ ಒದ್ದಾಡಿ ಕೊನೆಗೆ ಒದ್ದೆ ಬಟ್ಟೆಯನ್ನೇ ನಿಮ್ಮ ಕೈಗಿಟ್ಟು ಸುಮ್ಮನಾಗುತ್ತದೆ. ಮಷಿನ್ ಕೆಟ್ಟಿದೆ ಅಂತ ಒಂಟಿಯಾಗಿರುವವರು ಮಾಡುವ ಫೋನಿನಲ್ಲಿ ಬಹಳಷ್ಟು ಇದೇ. ಇನ್ನೊಂದೆರಡು ಬಟ್ಟೆ ಸೇರಿಸಿ ಅಂದರೆ ಮುಗಿಯಿತು.

ಇನ್ನು ನಿಮ್ಮ ಗೆಳತಿಯ ಸಲಹೆ. ಸೆಮಿ ಆಟೋಮ್ಯಾಟಿಕ್ ಅಂದರೆ ಮೂಗು ಮುರಿಯುವವರಿದ್ದಾರೆ, ನಾನಲ್ಲ. ಇರುವುದರಲ್ಲೆಲ್ಲ ಅಗ್ಗ, ಒಳಗೆ ಎರಡು ಮೋಟರು, ಎರಡು ಟೈಮರು, ಒಂದಷ್ಟು ವೈರು ಬಿಟ್ಟರೆ ಕೆಡುವುದಕ್ಕೆ ಏನೂ ಇಲ್ಲ. ಒಗೆತವೂ ಚೆನ್ನಾಗಿದೆ, ಹಿಂಡುವುದಂತೂ ಬೊಂಬಾಟ್. ಬೇರೆಯವರಿಗಾಗಿದ್ದರೆ ಕಣ್ಣು ಮುಚ್ಚಿ ಇದನ್ನೇ ಹೇಳುತ್ತಿದ್ದೆ. ಆದರೆ ನೀವು ಮಣಿಕಟ್ಟು ನೋವು ಅಂದಿದ್ದೀರಿ. ಸೆಮಿಯಲ್ಲಿ ಒಗೆದ ಬಟ್ಟೆಯನ್ನು ನೀರಿನಿಂದ ಎತ್ತಿ ಪಕ್ಕದ ಸ್ಪಿನ್ ಡ್ರಮ್ಮಿಗೆ ಹಾಕುವವರು ನೀವೇ. ಎರಡೂವರೆ ಕೆ.ಜಿ. ಹತ್ತಿ ಬಟ್ಟೆ ನೀರು ಕುಡಿದು ಆರೇಳು ಕೆ.ಜಿ. ಆಗಿರುತ್ತದೆ. ಜಾಲಿಸುವುದಕ್ಕೆ ಹೊಸ ನೀರು ಬಿಟ್ಟು ಮತ್ತೆ ಅದೇ ಕಸರತ್ತು. ಜೀನ್ಸಿನ ಕಾಲು ಅಂಗಿಯ ತೋಳಿಗೆ ಸುತ್ತಿಕೊಂಡಿರುತ್ತದೆ, ಎಳೆದರೆ ಇಡೀ ಗಂಟೇ ಮೇಲಕ್ಕೆ ಬರುತ್ತದೆ. ಕೈಯಲ್ಲಿ ಹಿಂಡುವ ಕೆಲಸ ತಪ್ಪುತ್ತದೆ ನಿಜ, ಎತ್ತುವ ಕೆಲಸ ತಪ್ಪುವುದಿಲ್ಲ. ಮೇಲಾಗಿ ಅರ್ಧ, ಮುಕ್ಕಾಲು ಗಂಟೆ ಅದರ ಸುತ್ತಲೇ ಓಡಾಡಿಕೊಂಡಿರಬೇಕು. ಮನೆಯಲ್ಲಿ ನಾಲ್ಕು ಜನ ಇದ್ದರೆ ಯಾರಾದರೂ ನೋಡಿಕೊಂಡಾರು, ಒಬ್ಬರೇ ಇರುವವರಿಗೆ ಅದೂ ನಿಮ್ಮದೇ ಸಮಯ.

ಇದಕ್ಕಿಂತಲೂ ಅಗ್ಗಕ್ಕೆ ಬಕೆಟ್ಟಿನಷ್ಟೇ ಇರುವ ಮಿನಿ ಮಷಿನ್‌ಗಳು ಸಿಗುತ್ತವೆ. ನೋಡಲು ಮುದ್ದಾಗಿವೆ. ಎಷ್ಟೋ ಮಾಡೆಲ್‌ಗಳಲ್ಲಿ ಸ್ಪಿನ್ ಇರುವುದಿಲ್ಲ, ಇದ್ದರೂ ಒಂದು ಜಾಲರಿ ಬುಟ್ಟಿ ಸಿಕ್ಕಿಸಿ ಎರಡು ಅಂಗಿ ಹಿಂಡುವಷ್ಟು. ಕೈನೋವಿಗೆ ಮೂಲವೇ ಹಿಂಡುವುದು ಅಂದಮೇಲೆ ಅದನ್ನು ಮಾಡದ ಮಷಿನ್ ತಗೊಂಡು ಏನು ಪ್ರಯೋಜನ?

ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅಂಕಿ ಹಿಡಿದು ಹೋಲಿಸುವವರಿಗೆ ಒಂದು ಮಾತು. ಸೆಮಿಯ ಮೇಲೆ 1,300 ಅಂತ ಬರೆದಿರುತ್ತದೆ, ಟಾಪ್ ಲೋಡ್ ಮೇಲೆ 700, ಫ್ರಂಟ್ ಲೋಡ್ ಮೇಲೆ 1,000 ಅಥವಾ 1,200. ಇವನ್ನು ಅಕ್ಕಪಕ್ಕ ಇಟ್ಟು ನೋಡಬಾರದು. ನೀರನ್ನು ಹೊರದಬ್ಬುವ ಬಲ ತಿರುಗುವ ವೇಗದ ವರ್ಗಕ್ಕೂ (ವೇಗವನ್ನು ಅದರಿಂದಲೇ ಗುಣಿಸಿದ್ದು) ಡ್ರಮ್ಮಿನ ಅಗಲಕ್ಕೂ ತಕ್ಕಂತೆ ಹೆಚ್ಚುತ್ತದೆ. ಸೆಮಿಯ ಸ್ಪಿನ್ ಡ್ರಮ್ ಕಿರಿದು, ಹಾಗಾಗಿ ಅದರ 1,300 ಫ್ರಂಟ್ ಲೋಡ್‌ನ 1,000ವನ್ನು ಮೀರಿಸುವುದಿಲ್ಲ. ಇನ್ನು 1,000 ಆರ್‌ಪಿಎಂನಲ್ಲಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ತನ್ನ ಒಣ ತೂಕದ ಸುಮಾರು ಶೇ. 60ರಷ್ಟು ನೀರು ಉಳಿದಿರುತ್ತದೆ, 1,400ರಲ್ಲಿ ಶೇ. 50ರಷ್ಟು. ನಿಮ್ಮ ಎರಡೂವರೆ ಕೆ.ಜಿ. ಬಟ್ಟೆಗೆ ಈ ವ್ಯತ್ಯಾಸ ಕಾಲು ಲೀಟರ್, ಅಂದರೆ ಒಂದು ದೊಡ್ಡ ಲೋಟ ನೀರು. ಆ ಲೋಟ ನೀರಿಗೆ ಎಷ್ಟು ದುಡ್ಡು ಹೆಚ್ಚು ಕೇಳುತ್ತಾರೆ ಅಂತ ನೋಡಿ ತೀರ್ಮಾನ ಮಾಡಿ. ಟಾಪ್ ಲೋಡ್‌ನಿಂದ ಬಟ್ಟೆ ಇನ್ನೂ ಸ್ವಲ್ಪ ಹಸಿಯಾಗೇ ಬರುತ್ತದೆ. ಒಣಹಾಕಲು ಗಾಳಿ ಬೆಳಕು ಇರುವ ಜಾಗವಿದ್ದರೆ ತೊಂದರೆಯಿಲ್ಲ, ಕೋಣೆಯೊಳಗೇ ಒಣಗಿಸುವವರಿಗೆ ಮಾತ್ರ ಇದು ದೊಡ್ಡ ವಿಷಯ.

ಮಷಿನ್ ಒಳಗೇ ನೀರು ಕಾಯಿಸುವ ಹೀಟರ್ ಬೇಕೇ ಅನ್ನುವುದು ಮುಂದಿನ ಪ್ರಶ್ನೆ. 1959ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಹರ್ಬರ್ಟ್ ಸಿನ್ನರ್ ಒಂದು ಸರಳ ಲೆಕ್ಕ ಕೊಟ್ಟ. ಕೊಳೆ ಹೋಗಿಸುವುದು ನಾಲ್ಕು: ಸೋಪು, ತಿಕ್ಕಾಟ, ಬಿಸಿ, ಸಮಯ. ಒಂದನ್ನು ಕಡಿಮೆ ಮಾಡಿದರೆ ಉಳಿದವುಗಳಿಂದ ತುಂಬಿಕೊಡಬೇಕು. ಒಬ್ಬರೇ ಇರುವವರಿಗೆ ನಾನು ಹೇಳುವುದು, ಬಿಸಿಯ ಜಾಗದಲ್ಲಿ ಸಮಯ ಹಾಕಿ ಅಂತ. ಬಟ್ಟೆ, ಪೌಡರ್ ಹಾಕಿ ಐದು ನಿಮಿಷ ತಿರುಗಿಸಿ, ನಿಲ್ಲಿಸಿ, ಮುಕ್ಕಾಲು ಗಂಟೆ ನೆನೆಯಲು ಬಿಟ್ಟು ಮತ್ತೆ ಶುರು ಮಾಡಿ. ಕಾಲರ್ ಕೊಳೆಗೆ ಮೊದಲೇ ಸ್ವಲ್ಪ ಲಿಕ್ವಿಡ್ ಹಚ್ಚಿ. ಆಫೀಸಿಗೆ ಹೋಗಿ ಬರುವ ಬಟ್ಟೆಗೆ ಇಷ್ಟು ಧಾರಾಳ. ಒಂದೇ ಒಂದು ವಿನಾಯಿತಿ: ಧೂಳಿನ ಹುಳುವಿನ ಅಲರ್ಜಿ ಇರುವವರು ಹಾಸಿಗೆ ಬಟ್ಟೆಯನ್ನು 60 ಡಿಗ್ರಿಯಲ್ಲಿ ಒಗೆಯಬೇಕಾಗುತ್ತದೆ. ನಿಮಗೆ ಅದಿದ್ದರೆ ನನ್ನ ಉತ್ತರವೇ ಬದಲಾಗುತ್ತದೆ, ನಲ್ಲಿಯೊಂದು ಒಪ್ಪಿದರೆ ಹೀಟರ್ ಇರುವ ಚಿಕ್ಕ ಫ್ರಂಟ್ ಲೋಡ್ ತಗೊಳ್ಳಿ. ಹೀಟರ್ ಸುಮಾರು 2,000 ವಾಟ್ ಎಳೆಯುವುದರಿಂದ ಮೊಬೈಲ್ ಚಾರ್ಜರ್ ಹಾಕುವ ಚಿಕ್ಕ ಪ್ಲಗ್ ಪಾಯಿಂಟ್ ನಡೆಯುವುದಿಲ್ಲ, ಗೀಸರ್‌ಗೆ ಕೊಡುವಂಥ ದಪ್ಪ ವೈರಿನ ಪಾಯಿಂಟ್ ಬೇಕು. ಅರ್ತಿಂಗ್ ಅಂತೂ ಯಾವ ಮಷಿನ್‌ಗಾದರೂ ಬೇಕೇ ಬೇಕು.

ಕರೆಂಟ್ ಬಿಲ್ಲಿನ ಚಿಂತೆಯೂ ಹೀಟರಿನ ಜೊತೆಗೇ ಬರುವಂಥದ್ದು. 12 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಹೆಚ್ಚುಕಡಿಮೆ ಅರ್ಧ ಯೂನಿಟ್ ಬೇಕು. ತಣ್ಣೀರಿನಲ್ಲಿ ಒಗೆದರೆ ಮೋಟರ್ ತಿರುಗಿಸುವುದಕ್ಕೆ ಹೋಗುವುದು ಒಂದು ಲೋಡಿಗೆ 0.1, 0.2 ಯೂನಿಟ್ ಮಾತ್ರ. ವಾರಕ್ಕೆ ಎರಡು ಸಲ ಎಂದರೆ ವರ್ಷಕ್ಕೆ ನೂರು ಸಲ, ಒಟ್ಟು ಹತ್ತಿಪ್ಪತ್ತು ಯೂನಿಟ್. ಇದರಲ್ಲಿ ಇನ್ವರ್ಟರ್ ಮೋಟರ್, ಅಂದರೆ ತನ್ನ ವೇಗವನ್ನು ಬೇಕಾದಷ್ಟೇ ಏರಿಸಿ ಇಳಿಸುವ ಮೋಟರ್, ಎಷ್ಟು ಉಳಿಸೀತು? ಯುರೋಪಿನ ಹಳೆಯ ವಿದ್ಯುತ್ ಲೇಬಲ್‌ನಲ್ಲಿ ವರ್ಷಕ್ಕೆ 220 ಸಲ ಒಗೆಯುವ ಮನೆ ಎಂದು ಇಟ್ಟುಕೊಂಡು ಲೆಕ್ಕ ಬರೆಯುತ್ತಿದ್ದರು. ನೀವು ಅದರ ಅರ್ಧವೂ ಇಲ್ಲ. ಹೆಚ್ಚು ಬೆಲೆ ಕೊಟ್ಟು ಕೊಂಡ ಉಳಿತಾಯ ಕೈಗೆ ಬರುವಷ್ಟರಲ್ಲಿ ಮಷಿನ್ ಹಳತಾಗಿರುತ್ತದೆ. ಇನ್ವರ್ಟರ್ ಸದ್ದು ಕಡಿಮೆ ಮಾಡುತ್ತದೆ, ರಾತ್ರಿ ಒಗೆಯುವವರಿಗೆ ಅದು ಉಪಯೋಗ. ಅದಕ್ಕಾಗಿ ತಗೊಳ್ಳಿ, ಬಿಲ್ಲಿಗಾಗಿ ಬೇಡ.

'ಮೋಟರಿಗೆ 10 ವರ್ಷ ವಾರಂಟಿ' ಎಂಬ ದೊಡ್ಡ ಸ್ಟಿಕರ್ ನೋಡಿ ಮರುಳಾಗಬೇಡಿ. ಮೋಟರ್ ಕೆಡುವುದು ಕಡಿಮೆ, ಅದಕ್ಕೇ ಅಷ್ಟು ಧೈರ್ಯವಾಗಿ ಬರೆಯುತ್ತಾರೆ. ಕೆಡುವುದು ನೀರಿನ ವಾಲ್ವ್, ಡ್ರೈನ್ ಪಂಪ್, ಬೆಲ್ಟ್, ಬೇರಿಂಗ್, ಸರ್ಕ್ಯೂಟ್ ಬೋರ್ಡ್. ಇಡೀ ಮಷಿನ್‌ಗೆ ಎಷ್ಟು ವರ್ಷ, ಬೋರ್ಡ್ ಸೇರಿದೆಯಾ, ಬಂದು ಹೋಗುವ ಖರ್ಚು ಯಾರದು, ಈ ಮೂರನ್ನು ಕೇಳಿ. ನಿಮ್ಮ ಊರಿನಲ್ಲಿ ಸರ್ವೀಸ್ ಇಲ್ಲದ ಕಂಪನಿಯ ಮಷಿನ್ ಎಷ್ಟೇ ಅಗ್ಗವಾದರೂ ಬೇಡ. ವೈಫೈ, ಆಪ್, ಇಪ್ಪತ್ತು ಬಗೆಯ ಪ್ರೋಗ್ರಾಂ ಇವೆಲ್ಲ ಬೇಡ. ಒಂದು ಮಾಮೂಲು, ಒಂದು ಕ್ವಿಕ್, ಬರೀ ಜಾಲಿಸಿ ಹಿಂಡುವುದು ಒಂದು, ಇಷ್ಟು ಬಟನ್ ಬಿಟ್ಟು ಜನ ಬೇರೆ ಒತ್ತಿದ ಗುರುತೇ ನನಗೆ ಕಂಡಿಲ್ಲ. ಕರೆಂಟ್ ಹೋಗಿ ಬಂದರೆ ನಿಂತಲ್ಲಿಂದಲೇ ಮುಂದುವರಿಯುವ ಸೌಲಭ್ಯ ಮಾತ್ರ ಇರಲಿ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ? ಸೆಮಿ, ಟಾಪ್ ಲೋಡ್ ಆದರೆ ಧೈರ್ಯ ಮಾಡಬಹುದು. ಖಾಲಿ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ ಕಿವಿಗೊಡಿ, ಬೀಸುಕಲ್ಲಿನ ಹಾಗೆ ಗರಗರ ಅಂದರೆ ಬೇರಿಂಗ್ ಹೋಗಿದೆ ಎಂದು ಅರ್ಥ. ಫ್ರಂಟ್ ಲೋಡ್‌ನಲ್ಲಿ ಬೇರಿಂಗ್ ಹಾಕಿಸುವ ಖರ್ಚಿಗೆ ಇನ್ನೊಂದು ಹಳೇ ಮಷಿನ್ನೇ ಬಂದೀತು. ನೀರು ಬಿಟ್ಟು, ಸ್ಪಿನ್ ತನಕ ಓಡಿಸಿ ತೋರಿಸದವರ ಹತ್ತಿರ ಕೊಳ್ಳಬೇಡಿ.

ಹಾಗಾದರೆ ನಿಮಗೆ? ನೀರು ಒಂದೆರಡು ನಿಮಿಷಕ್ಕೆ 10 ಲೀಟರ್ ಬರುತ್ತಿದ್ದು, ನೆಲಮಟ್ಟದ ನೀರಿಂಡಿ ಹತ್ತಿರದಲ್ಲಿದ್ದರೆ 6 ಅಥವಾ 6.5 ಕೆ.ಜಿ.ಯ, ಹೀಟರ್ ಇಲ್ಲದ, ಆ ಅಳತೆಯಲ್ಲಿ ಸಿಗುವ ಎಲ್ಲಕ್ಕಿಂತ ಸರಳವಾದ ಫುಲ್ಲಿ ಆಟೋಮ್ಯಾಟಿಕ್ ಟಾಪ್ ಲೋಡ್ ತಗೊಳ್ಳಿ. ನೀರಿಂಡಿ ದೂರವಿದ್ದರೆ ಅದರಲ್ಲೇ ಪಂಪ್ ಇರುವುದು. ಟಾಪ್ ಲೋಡ್ ನೀರು ಜಾಸ್ತಿ ಕುಡಿಯುತ್ತದೆ, ತುಂಬ ಹಾಕಿದರೆ ನೂರು ಲೀಟರಿಗೂ ಮೀರಬಹುದು. ಫ್ರಂಟ್ ಲೋಡ್‌ಗೆ 40ರಿಂದ 60 ಸಾಕು. ನೀರನ್ನು ದುಡ್ಡು ಕೊಟ್ಟು ತರಿಸುವ ಮನೆಯಾದರೆ ಈ ಒಂದು ಕಾರಣಕ್ಕೆ ಫ್ರಂಟ್ ಲೋಡ್ ಬಗ್ಗೆ ಮತ್ತೆ ಯೋಚಿಸಿ. ನಲ್ಲಿ ಪೂರಾ ಕೈಕೊಟ್ಟು ಸೆಮಿಯೇ ಗತಿ ಅಂದರೆ ಬಟ್ಟೆಯನ್ನು ಗಂಟುಗಂಟಾಗಿ ಎತ್ತದೆ, ನೀರು ಪೂರ್ತಿ ಬಿಟ್ಟ ಮೇಲೆ ಒಂದೊಂದಾಗಿ ತೆಗೆದು ಹಾಕಿ, ಕೈಗೆ ಅರ್ಧ ಭಾರ ಇಳಿಯುತ್ತದೆ.

ಮನೆಗೆ ಬಂದ ಮೇಲಿನದು ಎರಡೇ ಮಾತು. ಪೌಡರ್ ಪೊಟ್ಟಣದ ಮೇಲಿನ ಅಳತೆ ದೊಡ್ಡ ಲೋಡಿಗೆ ಬರೆದದ್ದು, ನಿಮ್ಮ ಎರಡೂವರೆ ಕೆ.ಜಿ.ಗೆ ಅದರ ಅರ್ಧ ಹಾಕಿ, ನೀರು ಗಡಸಾಗಿದ್ದರೆ ಒಂದು ಚಮಚ ಹೆಚ್ಚಿಸಿ. ನೊರೆ ಉಕ್ಕಿದಷ್ಟೂ ಕೊಳೆ ಹೋಗುತ್ತೆ ಅನ್ನುವುದು ಸುಳ್ಳು, ಉಳಿದ ನೊರೆ ಡ್ರಮ್ಮಿನ ಹಿಂಬದಿಗೆ ಅಂಟಿ ವಾಸನೆ ಹಿಡಿಸುತ್ತದೆ. ದಿನಾ ಮಷಿನ್ ಓಡುವ ಮನೆಗಳಲ್ಲಿ ಈ ವಾಸನೆ ಅಷ್ಟು ಬೇಗ ಬರುವುದಿಲ್ಲ. ನಿಮ್ಮದು ಭಾನುವಾರ ಓಡಿದರೆ ಮತ್ತೆ ಬುಧವಾರವೋ ಗುರುವಾರವೋ, ಅಲ್ಲಿಯವರೆಗೆ ಒಳಗಿನ ತೇವ ಮುಚ್ಚಿಟ್ಟ ಡಬ್ಬದಲ್ಲಿ ಇದ್ದ ಹಾಗೆ. ಆದ್ದರಿಂದ ಬಟ್ಟೆ ತೆಗೆದ ಮೇಲೆ ಮುಚ್ಚಳ ಹಾಕದೆ ತೆರೆದೇ ಬಿಡಿ.